ಚಾರ್ಜಿದ್ದವರೇ ಯಜಮಾನರು

ಸರಪಂಚನನ್ನು ಹೇಗೆ ಆರಿಸಬೇಕೆಂಬುದು ಮಹಾರಾಷ್ಟ್ರ ಸರ್ಕಾರಕ್ಕೆ ಇನ್ನೂ ಪೂರ್ತಿ ಬಗೆಹರಿದಂತಿಲ್ಲ. ಮೊದಲೆಲ್ಲ ಗೆದ್ದ ಮೆಂಬರರು ಕೂಡಿ ತಮ್ಮೊಳಗೊಬ್ಬನನ್ನು ಆರಿಸುತ್ತಿದ್ದರು. 2017ರಲ್ಲಿ, ಅದೆಲ್ಲ ಬೇಡ, ಊರವರೇ ನೇರ ಓಟು ಹಾಕಲಿ ಎಂದಾಯಿತು. 2020ರ ಹೊತ್ತಿಗೆ ಮುಂಬೈಯಲ್ಲಿ ಬೇರೆ ಸರ್ಕಾರ. ಮತ್ತೆ ಮೆಂಬರರ ಕೈಗೆ. 2022ರಲ್ಲಿ ಇನ್ನೊಂದು ಸರ್ಕಾರ. ಮತ್ತೆ ಊರವರ ಕೈಗೆ. ಇದರ ಮೇಲೆ, ಸರಪಂಚಕಿ ಯಾರಿಗೆ ಮೀಸಲು, ಗಂಡಸಿಗೋ ಹೆಂಗಸಿಗೋ ಎನ್ನುವುದಕ್ಕೆ ಸೋಡತ್ ಬೇರೆ. ತಹಸೀಲದಾರ ಕಚೇರಿಯಲ್ಲಿ ಸಣ್ಣ ಹುಡುಗನೊಬ್ಬ ಡಬ್ಬಿಗೆ ಕೈಹಾಕಿ ಚೀಟಿ ಎತ್ತುತ್ತಾನೆ. ಐದು ವರ್ಷದಿಂದ ಬಿಳಿ ಅಂಗಿ ಹೊಲಿಸಿಟ್ಟುಕೊಂಡು ಕೂತವರು ಅಂದೇ ಸಂಜೆ ಹೆಂಡತಿಯ ಆಧಾರ್ ಕಾರ್ಡು ಹುಡುಕತೊಡಗುತ್ತಾರೆ.

ಇಂಥ ಸೀಮೆಯಲ್ಲಿ ನನ್ನ ತಮ್ಮನ ಮಗಳು ನಾಯಕನ ಆಯ್ಕೆಯ ಮೇಲೆ ಪ್ರಾಜೆಕ್ಟ್ ಮಾಡಲು ಹೊರಟಳು. ಸಾಂಗ್ಲಿಯಲ್ಲಿ ಕಂಪ್ಯೂಟರ್ ಎಂಜಿನಿಯರಿಂಗಿನ ಕೊನೆಯ ವರ್ಷ. ನಮ್ಮ ಉದಗಾಂವ ಇರುವುದು ಶಿರೋಳ ತಾಲೂಕಿನಲ್ಲಿ, ಜಯಸಿಂಗಪುರದ ಮಗ್ಗುಲಿಗೆ; ಕೃಷ್ಣಾ ಹೊಳೆ ದಾಟಿದರೆ ಅಂಕಲಿ, ಅಲ್ಲಿಂದಾಚೆ ಸಾಂಗ್ಲಿ. ಹುಡುಗಿ ದಿನಾ ಬಸ್ಸಿಗೆ ಹೋಗಿ ಬರುತ್ತಾಳೆ. ಅವಳು ಏನು ಮಾಡುತ್ತಿದ್ದಾಳೆಂದು ಯಾರೋ ಕೇಳಿದ್ದಕ್ಕೆ ನನ್ನ ಹೆಂಡತಿ ಗೋಡೆಯಾಚೆಗೆ ‘ಎಲೆಕ್ಷನ್ ಮಾಡಾಕತ್ತಾಳ’ ಅಂದಳು. ಸಂಜೆಗೆ ಊರಿನ ಎರಡೂ ಗಟದವರು ನಮ್ಮ ಪಡಸಾಲೆಯಲ್ಲಿದ್ದರು. ಒಂದು ಗಟದವರು ಪೇಢೆ ತಂದಿದ್ದರು.

“ಕಾಕಾ, ಇದು ಮನಷ್ಯಾರದಲ್ರೀ, ಫೋನಿಂದು” ಅಂದಳು ಹುಡುಗಿ.

“ಫೋನಿಗೂ ಗಟ ಇರ್ತಾವನು?”

“ಇರ್ತಾವ್ರಿ. ಆದ್ರ ಒಡದ ಮ್ಯಾಲ ಮತ್ತ ಕೂಡತಾವು.”

ಈ ಕೊನೆಯ ಮಾತು ಕೇಳಿ ಅವರಿಗೆ ವಿಷಯದಲ್ಲಿ ಆಸಕ್ತಿ ಹೋಯಿತು. ಚಹಾ ಕುಡಿದು ಎದ್ದರು. ಪೇಢೆ ಉಳಿಯಿತು, ಅದನ್ನು ತಿನ್ನುತ್ತ ನಾನು ಆಮೇಲೆ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಿಸೆಯ ಫೋನಿಗೆ ಯಾವತ್ತೂ ಒಬ್ಬ ಧಣಿ ಇದ್ದೇ ಇರುತ್ತಾನೆ. ಅವನು ಟವರು. ನಾವು ಮಾತಾಡುತ್ತ ಬಸ್ಸಿನಲ್ಲಿ ಹೋಗುತ್ತಿದ್ದರೆ, ಫೋನು ಸುತ್ತಲಿನ ಟವರುಗಳ ಜೋರು ಅಳೆದು ವರದಿ ಒಪ್ಪಿಸುತ್ತದಷ್ಟೆ. ಇನ್ನು ನೀನು ಆ ಟವರಿಗೆ ಹೋಗು ಎಂದು ಅಪ್ಪಣೆ ಕೊಡುವುದು ನೆಟ್‌ವರ್ಕು. ಕೋಪೇಶ್ವರ ಗುಡಿ ನೋಡಲು ಖಿದ್ರಾಪುರಕ್ಕೆ ಹೋದವರಿಗೆ ಈ ಧಣಿ ಬದಲಾಗುವ ಗಳಿಗೆ ಗೊತ್ತಿರುತ್ತದೆ. ಹೊಳೆಯಾಚೆ ಕರ್ನಾಟಕ. ಗುಡಿಯ ಸ್ವರ್ಗಮಂಟಪದ ನಡುವೆ ನಿಂತು, ಮೇಲಿನ ದುಂಡನೆಯ ಬಯಲಿನಿಂದ ಆಕಾಶ ನೋಡುತ್ತಿರುವಾಗ ಕಿಸೆಯಲ್ಲಿ ಟಿಣ್ ಎಂದು ಕರ್ನಾಟಕಕ್ಕೆ ಸ್ವಾಗತ ಬರುತ್ತದೆ. ರೋಮಿಂಗಿಗೆ ದುಡ್ಡು ಹಿಡಿಯುತ್ತಿದ್ದ ಕಾಲದಲ್ಲಿ ನಮ್ಮ ಅಪ್ಪ ಈ ಸ್ವಾಗತ ಕಂಡೊಡನೆ ಫೋನು ಬಂದ್ ಮಾಡುತ್ತಿದ್ದರು. ಮನೆಯಲ್ಲಿ ಕನ್ನಡ, ಹೊಸ್ತಿಲಾಚೆ ಮರಾಠಿ ಎಂದು ಬದುಕಿದ ನಮ್ಮಂಥವರಲ್ಲಿ ಕರ್ನಾಟಕದ ಸ್ವಾಗತಕ್ಕೆ ಹೆದರಿದವರು ಅವರೊಬ್ಬರೇ ಇರಲಿಕ್ಕಿಲ್ಲ.

ಟವರೇ ಇಲ್ಲದಿದ್ದರೆ? ಆ ಪ್ರಶ್ನೆ ಹಳೆಯದು. 1971ರಲ್ಲಿ ಹವಾಯಿಯಲ್ಲಿ ನಾರ್ಮನ್ ಅಬ್ರಾಮ್ಸನ್ ಎಂಬವರು ದ್ವೀಪದಿಂದ ದ್ವೀಪಕ್ಕೆ ತಂತಿಯೆಳೆಯದೆ ರೇಡಿಯೋ ಮೇಲೆಯೇ ಕಂಪ್ಯೂಟರುಗಳನ್ನು ಮಾತಾಡಿಸಿದರು. ಆದರೆ ಅಲ್ಲೂ ನಡುವೆ ವಿಶ್ವವಿದ್ಯಾಲಯದ ದೊಡ್ಡ ಕಂಪ್ಯೂಟರು ಕೂತಿತ್ತು. ಓಡಾಡುವ ಸೈನ್ಯಕ್ಕೆ ಅದು ಸಾಲದು. ಅಮೆರಿಕದ ರಕ್ಷಣಾ ಇಲಾಖೆಯವರು 1973ರಿಂದ ಇನ್ನೊಂದನ್ನು ಹಚ್ಚಿಕೊಂಡರು: ಒಂದು ರೇಡಿಯೋ ಇನ್ನೊಂದರ ಮಾತನ್ನು ಹೊತ್ತು ಮುಂದಿನದಕ್ಕೆ ದಾಟಿಸುವುದು. 1976ರ ಆಗಸ್ಟ್ 27ರಂದು ಅವರ ರೇಡಿಯೋ ವ್ಯಾನು ಕ್ಯಾಲಿಫೋರ್ನಿಯಾದ ಒಂದು ಬಿಯರ್ ಅಂಗಡಿಯ ಅಂಗಳದಲ್ಲಿ ನಿಂತಿತ್ತು. ವಿಜ್ಞಾನಿಗಳು ಮೇಜಿನ ಮೇಲೊಂದು ಟರ್ಮಿನಲ್ ಇಟ್ಟುಕೊಂಡು, ವ್ಯಾನಿನ ರೇಡಿಯೋದಿಂದ ಒಂದು ಜಾಲಕ್ಕೆ, ಅಲ್ಲಿಂದ ಇನ್ನೊಂದು ಜಾಲಕ್ಕೆ ವರದಿ ಕಳಿಸಿದರು. ಇಂಟರ್ನೆಟ್ಟಿನ ಚರಿತ್ರೆಯಲ್ಲಿ ಅದು ದೊಡ್ಡ ದಿನವಂತೆ. ಇದನ್ನು ಓದಿದ ಮೇಲೆ, ಭಡಂಗ ತಿನ್ನುತ್ತ ಕಟ್ಟೆಯ ಮೇಲೆ ಕೂತು ಮೊಬೈಲು ತಿಕ್ಕುವ ನಮ್ಮ ಹುಡುಗರಿಗೆ ಬಯ್ಯುವುದನ್ನು ನಾನು ಸ್ವಲ್ಪ ಕಡಿಮೆ ಮಾಡಿದ್ದೇನೆ.

ಧಣಿಯಿಲ್ಲದ ಕಡೆ ಎಲ್ಲರೂ ಒಮ್ಮೆಲೇ ಮಾತಾಡಿದರೆ ಯಾರದೂ ಕೇಳಿಸುವುದಿಲ್ಲ. ಯಾರ ಪಾಳಿ ಯಾವಾಗ, ಗಡಿಯಾರ ಯಾರದು ಖರೆ, ಹೊಸಬ ಬಂದರೆ ಲೆಕ್ಕಕ್ಕೆ ಹಚ್ಚಿಕೊಳ್ಳುವವರು ಯಾರು, ಇಂಥದ್ದಕ್ಕೆಲ್ಲ ಒಬ್ಬ ಬೇಕು. ಅವನು ಹೆಚ್ಚಿನವನೇನಲ್ಲ. ಹುಡುಗಿ ನನ್ನ ಫೋನನ್ನೂ ಅವಳದನ್ನೂ ಎದುರುಬದುರು ಇಟ್ಟು ತೋರಿಸಿದಳು. ವೈ-ಫೈ ಡೈರೆಕ್ಟ್ ಅನ್ನುತ್ತಾರೆ, 2010ರಲ್ಲಿ ಬಂದದ್ದು. ನಡುವೆ ಟವರಿಲ್ಲ, ರೌಟರಿಲ್ಲ. ಎರಡು ಫೋನುಗಳು ಮದುವೆಯ ವಿಡಿಯೋ ದಾಟಿಸಿಕೊಳ್ಳುವ ಮುಂಚೆ, ತಮ್ಮಲ್ಲಿ ಗುಂಪಿನ ಯಜಮಾನ ಯಾರೆಂದು ಚೌಕಾಸಿ ಮಾಡುತ್ತವೆ. ಪ್ರತಿಯೊಂದೂ 0ಯಿಂದ 15ರೊಳಗೆ ಒಂದು ಅಂಕೆ ಹೇಳಬೇಕು: ಯಜಮಾನಿಕೆ ಮಾಡಲು ನನಗೆಷ್ಟು ಮನಸ್ಸಿದೆ ಎಂಬುದರ ಅಳತೆ ಅದು. ಹೆಚ್ಚು ಹೇಳಿದ್ದು ಯಜಮಾನ. ಇಬ್ಬರದೂ ಸಮ ಬಂದರೆ 0 ಇಲ್ಲವೇ 1 ಆಗಿರುವ ಒಂದು ಚಿಕ್ಕ ಬಿಟ್ಟು ತೀರ್ಮಾನ ಹೇಳುತ್ತದೆ. ಆ ಬಿಟ್ಟು ಪ್ರತಿ ಸಲವೂ ಮಗುಚುತ್ತದೆ, ಯಾವಾಗಲೂ ಒಬ್ಬನೇ ಗೆಲ್ಲದಿರಲಿ ಎಂದು. ಆದರೆ ಇಬ್ಬರೂ 15 ಅಂದರೆ ಮಾತುಕತೆ ಮುರಿದುಬೀಳುತ್ತದೆ. 15 ಅಂದರೆ ನಾನೇ ಆಗಬೇಕು, ಇಲ್ಲವಾದರೆ ಬೇಡ ಎಂದರ್ಥ.

“ನಮ್ಮೂರಾಗ ಎಲ್ಲಾರದೂ ಹದಿನೈದ” ಅಂದಳು ನನ್ನ ಹೆಂಡತಿ, ಒಳಗಿನಿಂದ.

ಎರಡಿದ್ದಾಗ ಸರಳ. ಹತ್ತಿದ್ದರೆ, ನೂರಿದ್ದರೆ? ಕಂಪ್ಯೂಟರಿನವರು ಇದರ ಮೇಲೆ ಬರೆದ ಕಾಗದ ಜೋಡಿಸಿದರೆ ನಮ್ಮೂರ ಸೊಸೈಟಿಯ ದಪ್ತರಕ್ಕಿಂತ ಹೆಚ್ಚಾದೀತು. 1977ರಲ್ಲಿ ಫ್ರಾನ್ಸಿನ ಲೆ ಲಾನ್ ಶುರುಮಾಡಿದರು: ದುಂಡಗೆ ಕೂತ ಕಂಪ್ಯೂಟರುಗಳು ನಂಬರು ದಾಟಿಸುತ್ತ ಹೋಗುವುದು. 1979ರಲ್ಲಿ ಚಾಂಗ್ ಮತ್ತು ರಾಬರ್ಟ್ಸ್ ಅದನ್ನೇ ಚೊಕ್ಕಮಾಡಿದರು; ದೊಡ್ಡ ನಂಬರು ಸಣ್ಣದನ್ನು ಮುಂದೆ ಹೋಗಗೊಡದು. 1982ರಲ್ಲಿ ಗಾರ್ಸಿಯಾ-ಮೊಲಿನಾ ಹೇಳಿದ್ದು ಪೂರಾ ದಾದಾಗಿರಿ. ನಾಯಕ ಸತ್ತನೆಂದು ಅನುಮಾನ ಬಂದವನು ತನಗಿಂತ ದೊಡ್ಡ ನಂಬರಿನವರನ್ನೆಲ್ಲ ಕೂಗುತ್ತಾನೆ. ಅವರಲ್ಲೊಬ್ಬ ಓ ಅಂದರೆ ಇವನು ತೆಪ್ಪಗೆ ಕೂರಬೇಕು. ಕೊನೆಗೆ ಬದುಕಿರುವವರಲ್ಲಿ ದೊಡ್ಡ ನಂಬರಿನವನು ನಾನೇ ಎಂದು ಸಾರುತ್ತಾನೆ. ಮೂಲೆಯಲ್ಲಿ ಸತ್ತುಬಿದ್ದಿದ್ದ ಇನ್ನೂ ದೊಡ್ಡವನು ಎದ್ದು ಬಂದನೋ, ಕೆಲಸ ಚೆನ್ನಾಗಿ ನಡೆದಿದ್ದರೂ ಕುರ್ಚಿ ಕಸಿದುಕೊಳ್ಳುತ್ತಾನೆ.

ಎಲ್ಲರೂ ಹೆಸರಿಲ್ಲದೆ, ನಂಬರಿಲ್ಲದೆ, ಒಂದೇ ಅಚ್ಚಿನವರಾಗಿದ್ದರೆ ಆಯ್ಕೆಯೇ ಸಾಧ್ಯವಿಲ್ಲದ ಸಂದರ್ಭಗಳಿವೆಯೆಂದು 1980ರಲ್ಲಿ ಡಾನಾ ಆಂಗ್ಲುಯಿನ್ ತೋರಿಸಿಕೊಟ್ಟರು. ಒಬ್ಬ ಏನು ಯೋಚಿಸಿದರೂ ಅದೇ ಗಳಿಗೆಗೆ ಎಲ್ಲರೂ ಅದನ್ನೇ ಯೋಚಿಸುತ್ತಾರೆ, ಬೇರೆಯಾಗುವುದು ಹೇಗೆ? ಮರುವರ್ಷ ಇತೈ ಮತ್ತು ರೋಡೇ ಎಂಬಿಬ್ಬರು ಒಂದು ಉಪಾಯ ಕೊಟ್ಟರು: ಚೀಟಿ ಎತ್ತಿ. ಅಂದರೆ ತಹಸೀಲದಾರ ಕಚೇರಿಯ ಆ ಸಣ್ಣ ಹುಡುಗ ಮಾಡುವುದು ಗಣಿತದವರು ಒಪ್ಪಿದ ಕೆಲಸವೇ. ಬಿಳಿ ಅಂಗಿಯವರಿಗೆ ಇದನ್ನು ಹೇಳಿದರೆ ಸಮಾಧಾನವಾದೀತೆಂದು ನನಗನ್ನಿಸುವುದಿಲ್ಲ.

ಇವೆಲ್ಲ ಕೂತಲ್ಲಿ ಕೂತ ಕಂಪ್ಯೂಟರುಗಳ ಮಾತು. ಗೋಡೆಗೆ ಪ್ಲಗ್ಗು ಇದ್ದವರ ಮಾತು. ಬ್ಯಾಟರಿಯ ಮೇಲೆ ಬದುಕುವವರಲ್ಲಿ ನಾಯಕನಾಗುವುದೆಂದರೆ ಬೇಗ ಸಾಯುವುದು; ಎಲ್ಲರ ಮಾತೂ ಅವನ ಮೈಮೇಲೆ ಹಾಯುತ್ತದೆ. ಅತಿ ಸಣ್ಣ ನಂಬರಿನವನು ಮುಖ್ಯಸ್ಥ ಎಂಬ ಪದ್ಧತಿಯೊಂದಿತ್ತು. ಪಾಪ, ಆ ಸಣ್ಣ ನಂಬರಿನವನು ಜನ್ಮವಿಡೀ ದುಡಿದು ಎಲ್ಲರಿಗಿಂತ ಮುಂಚೆ ಆರಿಹೋಗುತ್ತಿದ್ದ. 2000ದಲ್ಲಿ ಎಂಐಟಿಯ ವೆಂಡಿ ಹೈನ್ಜೆಲ್ಮನ್, ಅನಂತ ಚಂದ್ರಕಾಸನ್, ಹರಿ ಬಾಲಕೃಷ್ಣನ್ ಮೂವರು ಕೂಡಿ, ಹೊಲದಲ್ಲೋ ಕಾಡಿನಲ್ಲೋ ಚೆಲ್ಲಿಟ್ಟ ಸಣ್ಣ ಸೆನ್ಸರುಗಳಿಗೆ ಪಾಳಿ ಹಚ್ಚಿದರು. ಒಂದು ಸುತ್ತಿಗೆ ಕೆಲವರು ಮುಖ್ಯಸ್ಥರು, ಮುಂದಿನ ಸುತ್ತಿಗೆ ಬೇರೆಯವರು. ಒಮ್ಮೆ ಆದವನು ಉಳಿದವರದು ಆಗುವ ತನಕ ಮತ್ತೆ ನಿಲ್ಲುವಂತಿಲ್ಲ. ಕೃಷ್ಣೆಯ ನೀರನ್ನು ಪಾಳಿಯ ಮೇಲೆ ಕಬ್ಬಿಗೆ ಹಾಯಿಸುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಪಾಳಿ ತಪ್ಪಿಸಿ ರಾತ್ರಿ ಮೋಟರು ಚಾಲೂ ಮಾಡುವವನಿಗೆ ಆ ಮೂವರು ಏನು ಮದ್ದು ಇಟ್ಟಿದ್ದಾರೆಂದು ಕೇಳಿದೆ. ಎಲ್ಲರೂ ಪ್ರಾಮಾಣಿಕರೆಂದು ಹಿಡಿದುಕೊಂಡಿದ್ದಾರೆ ಕಾಕಾ, ಅಂದಳು. ಇರಲಿ.

ಅವಳ ಪ್ರಾಜೆಕ್ಟಿನ ಮೂಲ 2004ರ ಒಂದು ಪ್ರಬಂಧ. ಸುದರ್ಶನ್ ವಾಸುದೇವನ್, ಜಿಮ್ ಕುರೋಸ್, ಡಾನ್ ಟೌಸ್ಲಿ ಎಂಬವರದು. ಈ ಕುರೋಸ್ ಬರೆದ ದಪ್ಪ ಪುಸ್ತಕ ಎಂಜಿನಿಯರಿಂಗ್ ಹುಡುಗರ ಚೀಲದಲ್ಲಿರುತ್ತದೆ. ನಮ್ಮ ಮನೆಯಲ್ಲೂ ಒಂದಿದೆ. ಓಡಾಡುವ ಯಂತ್ರಗಳು, ಈಗ ಕೇಳಿಸಿ ಈಗ ಕೇಳಿಸದಾಗುವ ನೆರೆಹೊರೆ, ಗುಂಪು ಒಡೆಯುವುದು, ಕೂಡುವುದು: ಇದೆಲ್ಲ ನಡೆಯುತ್ತಿರುವಾಗಲೇ ನಾಯಕನನ್ನು ಆರಿಸಬೇಕು. ಅದೂ ಸುಮ್ಮನೆ ದೊಡ್ಡ ನಂಬರಿನವನನ್ನಲ್ಲ. ಬ್ಯಾಟರಿಯೋ ಇನ್ನೊಂದೋ, ಆ ಹೊತ್ತಿಗೆ ಬೇಕಾದ ಬೆಲೆ ಯಾರಲ್ಲಿ ಹೆಚ್ಚೋ ಅವನನ್ನು. ಹುಡುಗಿ ಹಾಳೆಯ ಮೇಲೆ ಚುಕ್ಕೆ, ಗೆರೆ, ಬಾಣ ಹಾಕಿ ವಿವರಿಸತೊಡಗಿದಳು. ಅರ್ಧಕ್ಕೇ ನಾನು, “ತಡಿ ತಂಗಿ, ಇದು ನಾ ನೋಡೀನಿ” ಅಂದೆ.

ನೋಡಿದ್ದು 2019ರ ಆಗಸ್ಟ್ ಮಹಾಪೂರದಲ್ಲಿ. ನಮ್ಮ ಮೇಲ್ಬದಿಗೆ ಸಾಂಗ್ಲಿಯಲ್ಲಿ ಆಯರ್ವಿನ್ ಪೂಲ್ ಇದೆ, 1929ರದ್ದು. ಮಳೆಗಾಲದಲ್ಲಿ ನಾವು ಪಂಚಾಂಗಕ್ಕಿಂತ ಹೆಚ್ಚು ಕೇಳುವುದು ಆ ಸೇತುವೆಯ ಹತ್ತಿರ ನೀರು ಎಷ್ಟು ಫೂಟು ಎಂಬ ಲೆಕ್ಕ. 45 ಫೂಟು ಧೋಕಾ. ಆ ಸಲ ಏರುತ್ತ ಏರುತ್ತ 57 ದಾಟಿ ಇನ್ನೂ ಅರ್ಧ ಫೂಟು ಹೋಯಿತು. ಸಾಂಗ್ಲಿ-ಕೊಲ್ಹಾಪುರ ರಸ್ತೆ ನೀರೊಳಗೆ. ಅತ್ತ ಪುಣೆ-ಬೆಂಗಳೂರು ಹೆದ್ದಾರಿಯೂ ಶಿರೋಲಿಯ ಹತ್ತಿರ ಬಂದ್. ಇಂಥ ಹೊತ್ತಿನಲ್ಲಿ ಮಾತ್ರ ಊರವರಿಗೆ ನಾವು ಕನ್ನಡದವರೆಂದು ನೆನಪಾಗುತ್ತದೆ. “ನಿಮ್ಮ ಆಲಮಟ್ಟಿ ಗೇಟ್ ಎತ್ತಸ್ರಿ” ಅನ್ನುತ್ತಾರೆ, ಕರ್ನಾಟಕದ ಆ ಅಣೆಕಟ್ಟಿನ ಕೀಲಿ ನಮ್ಮ ಅಡುಗೆಮನೆಯ ಮೊಳೆಗೆ ತೂಗುಹಾಕಿದ್ದೇವೆಂಬಂತೆ.

ನಮ್ಮನ್ನೆಲ್ಲ ಜಯಸಿಂಗಪುರದ ಒಂದು ಶಾಲೆಯಲ್ಲಿ ಇಟ್ಟಿದ್ದರು. ಖೋಲಿಗೆ ಐದಾರು ಸಂಸಾರ. ಮೊದಲ ದಿನ ಕಾರಭಾರ ಹಿಡಿದವರು ಊರಿನ ಒಬ್ಬ ನಿವೃತ್ತ ಮಾಸ್ತರರು. ಶಾಲೆಯೊಳಗೆ ಕಾಲಿಡುತ್ತಲೇ ಹಾಜರಿ ಪುಸ್ತಕ ಅವರ ಕೈಗೆ ತಾನಾಗಿ ಬಂತು. ಯಾರ ಮನೆಯವರು ಬಂದಿಲ್ಲ, ಯಾರಿಗೆ ಬಿಪಿ ಗುಳಿಗೆ ಬೇಕು, ಯಾರ ಎಮ್ಮೆ ಕಣ್ಣಿ ಬಿಚ್ಚದೆ ಉಳಿದಿದೆ, ಎಲ್ಲವೂ ಅದರಲ್ಲಿ. ತಹಸೀಲದಾರ ಕಚೇರಿಗೂ, ಬೋಟಿನವರಿಗೂ ಅವರದೇ ಫೋನು. ಎರಡನೆಯ ದಿನ ಬೆಳಗ್ಗೆ, ಮಾಳಿಗೆ ಬಿಟ್ಟು ಬರಲೊಲ್ಲದ ಕೆಲವರನ್ನು ಒಪ್ಪಿಸಿ ಕರೆತರುತ್ತೇನೆಂದು ಬೋಟು ಹತ್ತಿ ಊರಿಗೆ ಹೋದರು. ಮಧ್ಯಾಹ್ನದಿಂದ ಅವರ ಫೋನು ಹತ್ತಲಿಲ್ಲ.

ಈಗ ಏನು ಮಾಡಬೇಕು? ಕೆಲವರು, ಬೋಟಿಗೆ ಏನೋ ಆಗಿದೆ ಅಂದರು. ಕೆಲವರು, ಬ್ಯಾಟರಿ ಮುಗಿದಿರಬೇಕು, ಬರುತ್ತಾರೆ ಅಂದರು. ಚಹಾ ಆಗುವ ತನಕ ಕಾಯೋಣ ಎಂದಾಯಿತು, ಚಹಾ ಆಯಿತು, ಊಟದ ತನಕ ಕಾಯೋಣ ಎಂದಾಯಿತು. ಉತ್ತರ ಕೊಡದವನು ಹೋಗೇಬಿಟ್ಟನೋ, ಬರೀ ತಡಮಾಡುತ್ತಿದ್ದಾನೋ ಎಂಬುದು ದೂರ ಕೂತವರಿಗೆ ತಿಳಿಯುವುದಿಲ್ಲ. 1985ರಲ್ಲಿ ಫಿಷರ್, ಲಿಂಚ್, ಪ್ಯಾಟರ್ಸನ್ ಇದನ್ನೇ ಗಣಿತಕ್ಕೆ ಇಳಿಸಿದರು: ಮಾತು ತಲುಪಲು ಇಷ್ಟೇ ಹೊತ್ತು ಎಂಬ ಮಿತಿಯಿಲ್ಲದ ಕಡೆ, ಒಬ್ಬನೇ ಒಬ್ಬ ಕೈಕೊಡಬಹುದೆಂದರೂ, ಉಳಿದವರು ಖಂಡಿತ ಒಮ್ಮತಕ್ಕೆ ಬರುತ್ತಾರೆಂದು ಭರವಸೆ ಕೊಡುವ ಪದ್ಧತಿಯೇ ಇಲ್ಲ. ಹಾಗಾಗಿ ಯಂತ್ರಗಳು ಮಾಡುವುದೂ ನಾವು ಚಹಾ ಹಿಡಿದು ಮಾಡಿದ್ದನ್ನೇ. ಒಂದು ಗಡುವು ಹಾಕಿಕೊಂಡು, ಆ ಮೇಲೆ ಹೋದನೆಂದೇ ತಿಳಿಯುವುದು.

ಊಟದ ಗಡುವೂ ಮೀರಿದ ಮೇಲೆ ಬಾಗಿಲಲ್ಲಿ ನಿಂತಿದ್ದ ಒಬ್ಬ, “ಯಾರ ಫೋನಿನಾಗ ಚಾರ್ಜ್ ಹೆಚ್ಚೈತಿ, ನೋಡ್ರಿ” ಎಂದು ಮೊದಲ ಖೋಲಿಗೆ ಕೂಗಿದ. ಆ ಖೋಲಿಯವರು ಪಕ್ಕದ ಖೋಲಿಗೆ ಕೂಗಿದರು, ಅವರು ಅದರಾಚೆಯದಕ್ಕೆ. ಕೊನೆಯ ಖೋಲಿಯವರು ತಮ್ಮಲ್ಲಿ ನೋಡಿಕೊಂಡು, ‘ನಮ್ಮಲ್ಲಿ ಹೆಚ್ಚಂದ್ರ 22’ ಎಂದು ಕೇಳಿದವರಿಗಷ್ಟೇ ಹೇಳಿದರು. ಅವರು ತಮ್ಮ 31ನ್ನು ಅದರ ಪಕ್ಕ ಇಟ್ಟು ನೋಡಿ, 31 ಎಂದಷ್ಟೇ ಹಿಂದಕ್ಕೆ ದಾಟಿಸಿದರು. ಯಾರೂ ಎಲ್ಲರ ಪಟ್ಟಿ ಮಾಡಲಿಲ್ಲ. ಪ್ರತಿ ಖೋಲಿಯಿಂದ ಒಂದೇ ಅಂಕೆ, ಅದೂ ಮುಂದಿನವರ ಉತ್ತರ ಬಂದ ಮೇಲೆ. ವಾಸುದೇವನ್ ಅವರ ಪ್ರಬಂಧದಲ್ಲಿ ಇರುವುದು ಇದೇ. ಮೊದಲು ಕೂಗಿದವನನ್ನು ತಂದೆಯೆಂದು ಹಿಡಿ, ನಿನ್ನ ನೆರೆಯವರನ್ನು ಕೂಗು, ಅವರೆಲ್ಲರ ಉತ್ತರ ಬರುವ ತನಕ ತಂದೆಗೆ ಉತ್ತರಿಸಬೇಡ. ಹೊರಟಲ್ಲಿಗೇ ಎಲ್ಲ ಮರಳಿದ ಮೇಲೆ ಗೆದ್ದವರ ಹೆಸರು ಮತ್ತೆ ಎಲ್ಲೆಡೆ ಸಾರು. ನಮ್ಮಲ್ಲಿ ಹಿತ್ತಲ ಕಡೆಯಿಂದ ಇನ್ನೊಬ್ಬನೂ ಅದೇ ಹೊತ್ತಿಗೆ ಅದೇ ಪ್ರಶ್ನೆ ಕೂಗಲು ಶುರುಮಾಡಿ, ನಡುವಿನ ಖೋಲಿಯವರು ಯಾರಿಗೆ ಉತ್ತರ ಕೊಡುವುದೆಂದು ತಿಳಿಯದೆ ಇಬ್ಬರಿಗೂ ಬಯ್ದರು. ಅದಕ್ಕೂ ಪ್ರಬಂಧದಲ್ಲಿ ದಾರಿಯಿದೆ: ಪ್ರತಿ ಕೂಗಿಗೂ ಒಂದು ಅಂಕೆ ಇರುತ್ತದೆ, ಸಣ್ಣ ಅಂಕೆಯದನ್ನು ಅಲ್ಲಿಗೇ ಬಿಟ್ಟು ದೊಡ್ಡದರ ಹಿಂದೆ ಹೋಗುವುದು. ನಮ್ಮ ಬೈಗುಳಕ್ಕೂ ಅದೇ ಫಲ ಸಿಕ್ಕಿತು.

64 ಪರ್ಸೆಂಟಿನ ಹುಡುಗನೊಬ್ಬ ಗೆದ್ದನೆಂದು ಆಗುತ್ತಿರುವಾಗ, ಮೂಲೆಯಲ್ಲಿ ಬುಟ್ಟಿಗೆ ಆತು ಕೂತಿದ್ದ ಒಬ್ಬ ಆಯಿ, ಜಯಸಿಂಗಪುರದ ಸಂತೆಯಲ್ಲಿ ಕಾಯಿಪಲ್ಲೆ ಮಾರುವವಳು, ಸೆರಗಿನ ಗಂಟು ಬಿಚ್ಚಿ ಗುಂಡಿ ಒತ್ತುವ ಹಳೇ ಫೋನು ತೆಗೆದಳು. ಪರದೆಗೆ ರಬ್ಬರ್ ಬ್ಯಾಂಡು ಸುತ್ತಿತ್ತು.

“ನಂದು ಪರ್ಸೆಂಟ್ ತೋರಸೂದಿಲ್ಲಪ್ಪಾ. ನಾಕೂ ಕಡ್ಡಿ ಅದಾವ.”

ಶಾಲೆಗೆ ಬಂದ ದಿನದಿಂದ ಆ ಫೋನನ್ನು ಚಾರ್ಜಿಗೆ ಹಾಕಿರಲಿಲ್ಲ. ಅಷ್ಟೇ ಅಲ್ಲ, ಬಾಗವಾನರದು, ಟೆಂಪೋದವನದು, ಅಡತಿಯವನದು, ಮಗಳ ಮನೆಯದು, ಎಲ್ಲ ನಂಬರೂ ಅವಳಿಗೆ ಬಾಯಿಪಾಠ. ನಾವೆಲ್ಲ ಹೆಂಡತಿಯ ನಂಬರಿಗೂ ಫೋನನ್ನೇ ಕೇಳುವವರು. ಹೀಗೆ ಆಯಿಯ ಫೋನು ಶಾಲೆಯಲ್ಲಿದ್ದ ಎಲ್ಲರ ಫೋನಾಯಿತು. ಶಾಲೆಯ ಕರಿಹಲಗೆಯ ಮೇಲೆ ಅವಳ ನಂಬರು ಬರೆದರು. ಸಂತೆಯಲ್ಲಿ ಅವಳೊಡನೆ ಎರಡು ರೂಪಾಯಿಗೆ ಜಗಳಾಡಿದ್ದ ಗಟದ ನಾಯಕರು “ಆಯಿ, ಒಂದು ಫೋನ್ ಹಚ್ತೀರೇನ್ರಿ” ಎಂದು ಪಾಳಿ ಹಚ್ಚಿದರು. ಆಯಿ ಕರೆಗೊಂದು ನಿಯಮ ಮಾಡಿದ್ದಳು. ಬದುಕಿದ್ದೀನಿ, ಎಲ್ಲಿದ್ದೀನಿ, ಏನು ಬೇಕು, ಮೂರು ಮಾತು. ಬೀಗರ ಯೋಗಕ್ಷೇಮ ಶುರುವಾದರೆ ಕೆಂಪು ಗುಂಡಿ.

ಮೂರನೆಯ ದಿನ ಮಾಸ್ತರರು ಬಂದರು. ಅವರಿಗೇನೂ ಆಗಿರಲಿಲ್ಲ. ಮಾಳಿಗೆಯ ಮೇಲಿನವರನ್ನು ಒಪ್ಪಿಸಲು ಹೋದವರು ಅಲ್ಲೇ ಸಿಕ್ಕಿಹಾಕಿಕೊಂಡು, ಆ ಮಾಳಿಗೆಯವರಿಗೆ ಯಜಮಾನರಾಗಿಬಿಟ್ಟಿದ್ದರು. ಅಕ್ಕಿ ಹಂಚಿದ್ದು, ಬೋಟಿಗೆ ಪಾಳಿ ಹಚ್ಚಿದ್ದು ಎಲ್ಲ ಅವರೇ. ರಕ್ಷಣೆಗೆ ಬಂದವರು ಒಂದು ಪವರ್ ಬ್ಯಾಂಕನ್ನೂ ಕೊಟ್ಟಿದ್ದರು. ಗುಂಪು ಒಡೆದಾಗ ಎರಡು ಕಡೆ ಇಬ್ಬರು ನಾಯಕರಾಗುವುದು ತಪ್ಪಲ್ಲ, ಹಾಗೇ ಆಗಬೇಕು ಅನ್ನುತ್ತದೆ ಪ್ರಬಂಧ. ಕೂಡಿದಾಗ ಮಾತ್ರ ಒಬ್ಬರು ಸುಮ್ಮನೆ ಬಿಡಬೇಕು. ಬೆಲೆ ಹೆಚ್ಚಿದ್ದವರು ಉಳಿಯುತ್ತಾರೆ. ಸ್ಟ್ಯಾನ್‌ಫರ್ಡಿನ ಇಬ್ಬರು 2014ರಲ್ಲಿ ಸರ್ವರುಗಳಿಗೆಂದು ರಾಫ್ಟ್ ಎಂಬ ಪದ್ಧತಿ ಮಾಡಿದ್ದಾರೆ. ಅಲ್ಲಿ ಪ್ರತಿ ಆಯ್ಕೆಗೂ ಅವಧಿಯ ಅಂಕೆ. ಹಳೇ ನಾಯಕ ಎಲ್ಲಿಂದಲೋ ಮರಳಿ ಬಂದು ತನ್ನದಕ್ಕಿಂತ ದೊಡ್ಡ ಅಂಕೆ ಕಂಡನೋ, ಆ ಗಳಿಗೆಗೇ ಸಾಮಾನ್ಯನಾಗಿ ಸಾಲಿನಲ್ಲಿ ನಿಲ್ಲುತ್ತಾನೆ. ನಮ್ಮ ಕಡೆ ಮೋಟರ್‌ಸೈಕಲ್ಲಿನ ನಂಬರ್ ಪ್ಲೇಟಿನ ಮೇಲೂ ‘ಮಾಜಿ’ ಎಂದು ಬರೆಸುವವರಿದ್ದಾರೆ. ಅವರ ಅವಧಿ ಯಾವ ಅಂಕೆಗೂ ಮುಗಿಯುವುದಿಲ್ಲ.

ಮಾಸ್ತರರು ಕರಿಹಲಗೆ ನೋಡಿದರು. ನಾವೆಲ್ಲ ಮಾಸ್ತರರನ್ನು ನೋಡಿದೆವು. ಅವರು ಸುಣ್ಣದಕಡ್ಡಿ ತಗೊಂಡು, ಆಯಿಯ ನಂಬರನ್ನು ಅಳಿಸದೆ, ಅದರಲ್ಲಿ ಸೊಟ್ಟಗಿದ್ದ ಒಂದು 7ನ್ನು ತಿದ್ದಿ, ಕೆಳಗೆ ತಮ್ಮದನ್ನು ದುಂಡಗೆ ಬರೆದರು.

“ಒಂದ್ ಗುಂಪಿಗೆ ಎರಡ್ ಲೀಡರ್ ಇದ್ರ ಅಲ್ಗಾರಿದಮ್ ಫೇಲ್, ಕಾಕಾ” ಅಂದಳು ಹುಡುಗಿ, ಇಷ್ಟೂ ಕೇಳಿ ಪೆನ್ನು ಕೆಳಗಿಟ್ಟು. “ನಮ್ಮ ಸರ್ ಅಂತೂ ಒಪ್ಪಂಗಿಲ್ಲ.”

ಫೇಲೇ ಇರಬಹುದು. ನಾಲ್ಕನೆಯ ದಿನದಿಂದ ತಹಸೀಲದಾರ ಕಚೇರಿಯವರು ಮಾಸ್ತರರ ನಂಬರಿಗೆ ಹಚ್ಚುತ್ತಿದ್ದರು, ಎಮ್ಮೆಯ ಸುದ್ದಿಯಿದ್ದವರು ಆಯಿಯ ನಂಬರಿಗೆ. ಎರಡು ಕಡೆಯಿಂದ ಎರಡು ಸಲ ಮೇವಿನ ಗಾಡಿ ಬಂತು, ಯಾರೂ ಬೇಡವೆನ್ನಲಿಲ್ಲ. ತೊಡಕಾದದ್ದು ಆಯಿಯ ನಾಲ್ಕು ಕಡ್ಡಿ ಒಂದಕ್ಕಿಳಿದಾಗ. ಮಾಸ್ತರರ ಪವರ್ ಬ್ಯಾಂಕಿನ ವಯರು ಆ ಹಳೇ ಫೋನಿಗೆ ಕೂಡುತ್ತಿರಲಿಲ್ಲ, ಅದರದು ಸಣ್ಣ ಪಿನ್ನು. ಮಾಸ್ತರರೇ ಬಾಗಿಲಿಗೆ ಬಂದು ನಿಂತು, ಸಣ್ಣ ಪಿನ್ನಿನ ಚಾರ್ಜರು ಯಾರ ಹತ್ತಿರ ಐತ್ರಿ ಎಂದು ಮೊದಲ ಖೋಲಿಗೆ ಕೂಗಿದರು.